ಮುತ್ತಜ್ಜಿಯ ಹೆಸರು ಯಾರ ಸೊತ್ತು?

ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಅಜ್ಜನ ತಂದೆಯ ಹೆಸರನ್ನೂ ಕೆಲವರು ಹೇಳಿಯಾರು. ಆ ಮುತ್ತಜ್ಜನನ್ನು ಹೆತ್ತ ತಾಯಿಯ ಹೆಸರೇನು? ಇಲ್ಲಿಗೆ ಬಹಳ ಮಂದಿಯ ನೆನಪು ನಿಂತುಹೋಗುತ್ತದೆ. ಬಾಗಲಗುಂಟೆಯಂಥ ಕಡೆ ನೆಲೆಸಿದವರಿಗಂತೂ ಅದು ಇನ್ನೂ ಬೇಗ ನಿಲ್ಲುತ್ತದೆ. ಪೀಣ್ಯದ ಕಾರ್ಖಾನೆಗಳನ್ನು ನಂಬಿ ಹಾಸನ, ಮಂಡ್ಯ, ಕೋಲಾರ, ಚಿಕ್ಕಮಗಳೂರುಗಳಿಂದ, ತಮಿಳುನಾಡು ಕೇರಳಗಳಿಂದ ಬಂದು, ಮೊದಲು ಬಾಡಿಗೆ ಮನೆ ಹಿಡಿದು, ಆಮೇಲೆ ಹೇಗೋ ಒಂದು ಸೈಟು ಕೊಂಡು ನೆಲೆಯೂರಿದವರೇ ಇಲ್ಲಿ ಹೆಚ್ಚು. ಊರಿನ ಹೊಲ, ಊರಿನ ದೇವಾಲಯ, ಹಿರಿಯರ ಸಮಾಧಿಗಳು ಹಿಂದೆಯೇ ಉಳಿದವು. ಮಕ್ಕಳನ್ನು 'ನಿಮ್ಮೂರು ಯಾವುದು?' ಎಂದು ಕೇಳಿದರೆ 'ಎಂಟನೇ ಮೈಲಿ ಹತ್ತಿರ' ಎನ್ನುತ್ತಾರೆ. ಅದು ಅವರ ತಪ್ಪಲ್ಲ.

ಆದರೆ ಒಂದು ಕಡೆ ನಮ್ಮ ಹೆಸರುಗಳು ಇನ್ನೂ ಇವೆ. ಊರಿನ ಧರ್ಮಕೇಂದ್ರದ ಕಪಾಟಿನಲ್ಲಿರುವ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ. ಮದುವೆಗಳ ಪುಸ್ತಕವನ್ನು ಪ್ರತಿ ಧರ್ಮಕೇಂದ್ರದ ಗುರುಗಳೂ ಬರೆದಿಡಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲಿ ಕಟ್ಟಳೆ ಮಾಡಿತು. ಇಂದಿನ ಧರ್ಮಸಭೆಯ ಕಾನೂನು ಕೂಡ ಜ್ಞಾನಸ್ನಾನ, ವಿವಾಹ, ಮರಣ ಈ ಮೂರರ ಪುಸ್ತಕಗಳು ಇರಲೇಬೇಕೆನ್ನುತ್ತದೆ. ಬಾಗಲಗುಂಟೆಯಲ್ಲಿರುವ ಹುಡುಗನೊಬ್ಬನಿಗೆ ಬೆಂಗಳೂರಿನ ಯಾವ ದೇವಾಲಯದಲ್ಲಿ ಮದುವೆಯಾದರೂ ಆ ಸುದ್ದಿ ಅವನು ಜ್ಞಾನಸ್ನಾನ ಪಡೆದ ಹಳ್ಳಿಯ ದೇವಾಲಯಕ್ಕೆ ಹೋಗಬೇಕು. ಅಲ್ಲಿ ಅವನ ಹೆಸರಿನ ಪಕ್ಕದಲ್ಲಿ ಅದನ್ನು ಬರೆಯಬೇಕು. ಮನುಷ್ಯ ಎಷ್ಟೇ ದೂರ ಹೋಗಲಿ, ಅವನ ಬದುಕಿನ ಲೆಕ್ಕ ಆ ಒಂದು ಸಾಲಿಗೇ ಹಿಂದಿರುಗುತ್ತದೆ.

ಐರ್ಲೆಂಡ್ ಕಲಿಸಿದ ಪಾಠ

ಇಂಥ ಪುಸ್ತಕಗಳ ಬೆಲೆಯನ್ನು ಕಳೆದುಕೊಂಡು ಅರಿತವರು ಐರ್ಲೆಂಡಿನ ಜನ. 1845ರಿಂದ 1852ರವರೆಗಿನ ಆಲೂಗಡ್ಡೆ ಬರಗಾಲದಲ್ಲಿ ಅಲ್ಲಿ ಸುಮಾರು ಹತ್ತು ಲಕ್ಷ ಮಂದಿ ಸತ್ತರು. ಅದಕ್ಕಿಂತ ಹೆಚ್ಚು ಮಂದಿ ದೇಶ ಬಿಟ್ಟರು. ಉಳಿದ ದಾಖಲೆಗಳಿಗೆ 1922ರ ಜೂನ್ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಂತರ್ಯುದ್ಧದ ಮೊದಲ ದಿನಗಳಲ್ಲಿ ಡಬ್ಲಿನ್ನಿನ ಸರ್ಕಾರಿ ದಾಖಲೆಗಳ ಭಂಡಾರ ಸುಟ್ಟುಹೋಯಿತು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಜನಗಣತಿಯ ಪುಸ್ತಕಗಳು ಹೆಚ್ಚುಕಡಿಮೆ ಎಲ್ಲವೂ ಬೂದಿಯಾದವು. ಕಥೋಲಿಕ ಧರ್ಮಕೇಂದ್ರಗಳ ರಿಜಿಸ್ಟರುಗಳು ಆಯಾ ದೇವಾಲಯಗಳಲ್ಲೇ ಇದ್ದುದರಿಂದ ಉಳಿದುಕೊಂಡವು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಮೈಕ್ರೋಫಿಲ್ಮ್ ಮಾಡಿಸಿತ್ತು. 2015ರ ಜುಲೈನಲ್ಲಿ ಸುಮಾರು 1880ರವರೆಗಿನ ಪುಟಗಳ 3,70,000ಕ್ಕೂ ಹೆಚ್ಚು ಚಿತ್ರಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟಿತು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಕುಳಿತವರು ಮುತ್ತಜ್ಜನ ಜ್ಞಾನಸ್ನಾನದ ಸಾಲನ್ನು ಮನೆಯಲ್ಲೇ ನೋಡುವಂತಾಯಿತು.

ಆ ಹುಡುಕಾಟದ ಒಂದು ಎಳೆ ನಮ್ಮ ಬೆಂಗಳೂರಿಗೂ ಬರುತ್ತದೆ. 1809ರಲ್ಲಿ ಇಲ್ಲಿ ದಂಡು ಪ್ರದೇಶ ಏರ್ಪಟ್ಟಿತು. ಬ್ರಿಟಿಷ್ ಸೈನ್ಯದಲ್ಲಿ ಐರ್ಲೆಂಡಿನ ಕಥೋಲಿಕರು ಬಹಳ ಮಂದಿ ಇದ್ದರು. ಸಂತ ಪ್ಯಾಟ್ರಿಕರ ದೇವಾಲಯದ ಹೆಸರೇ ಅದಕ್ಕೆ ಸಾಕ್ಷಿ. ಆ ಸೈನಿಕರ ಮಕ್ಕಳ ಜ್ಞಾನಸ್ನಾನ, ಮದುವೆ, ಸಾವುಗಳ ನಕಲು ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ಈಗ ಕಂಪ್ಯೂಟರಿನಲ್ಲೇ ಹುಡುಕಬಹುದು.

ಆದರೆ ಆ ಸೈನಿಕನಿಗೆ ಅಡುಗೆ ಮಾಡಿದ ಚೌರಪ್ಪ, ಅವನ ಮಗುವನ್ನು ಆಡಿಸಿದ ಮರಿಯಮ್ಮ ಇವರ ಹೆಸರುಗಳೋ? ಲಂಡನ್ನಿಗೆ ಹೋದ ಪ್ರತಿಗಳಲ್ಲಿ ಇದ್ದವರು ಬಹುಪಾಲು ಯೂರೋಪಿಯನ್ನರು ಮತ್ತು ಆಂಗ್ಲೋ ಇಂಡಿಯನ್ನರು. ನಮ್ಮ ಹಿರಿಯರ ಹೆಸರಿಗೆ ಇರುವುದು ಒಂದೇ ಪುಸ್ತಕ, ಒಂದೇ ಪ್ರತಿ. ಅದಕ್ಕೆ ಗೆದ್ದಲು ಹತ್ತಿದರೆ, ಮಳೆನೀರು ಸೋರಿದರೆ, ಹಳೆಯ ಶಾಯಿ ಕಾಗದವನ್ನು ತಿಂದರೆ ಆ ಹೆಸರು ಭೂಮಿಯ ಮೇಲಿಂದ ಅಳಿದಂತೆಯೇ. ಆದ್ದರಿಂದ ಈ ಪುಸ್ತಕಗಳ ಪುಟಪುಟವನ್ನೂ ಚಿತ್ರ ತೆಗೆದು ಎರಡು ಮೂರು ಕಡೆ ಇಡುವುದು ನಮ್ಮ ಕರ್ತವ್ಯ. ಈ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಹಾಗೆ ಉಳಿಸಿದ್ದನ್ನು ಯಾರಿಗೆ ತೋರಿಸಬೇಕು?

ಒಂದು ಸಾಲು, ಒಂದು ಪುಟ

ಇದುವರೆಗಿನ ಪದ್ಧತಿ ನೋಡಿ. ನಿಮಗೆ ಜ್ಞಾನಸ್ನಾನದ ಪತ್ರ ಬೇಕಾದರೆ ದೇವಾಲಯದ ಕಚೇರಿಗೆ ಹೋಗುತ್ತೀರಿ. ಗುರುಗಳು ನಿಮ್ಮ ಮುಖ ನೋಡಿ, 'ಯಾರ ಮಗನಪ್ಪ ನೀನು?' ಎಂದು ವಿಚಾರಿಸಿ, ಪುಸ್ತಕ ತೆಗೆದು, ನಿಮ್ಮ ಸಾಲನ್ನಷ್ಟೇ ನಕಲು ಮಾಡಿ ಸಹಿ ಹಾಕಿ ಕೊಡುತ್ತಾರೆ. ಅದೇ ಪುಟದ ಮೇಲಿನ ಸಾಲು, ಕೆಳಗಿನ ಸಾಲು ನಿಮಗೆ ಕಾಣುವುದಿಲ್ಲ. ಪುಟದ ಚಿತ್ರವನ್ನೇ ಎಲ್ಲರ ಮುಂದೆ ಇಟ್ಟಾಗ ನೆರೆಮನೆಯವರ ಸಾಲೂ ಜೊತೆಗೆ ಬರುತ್ತದೆ. ಹೆಸರಿನ ಪಟ್ಟಿಯನ್ನೂ ಮಾಡಿದರೆ, ಮೊದಲು ದಿನಗಟ್ಟಲೆ ಪುಟ ಮಗುಚಬೇಕಿದ್ದವನು ಕ್ಷಣದಲ್ಲಿ ಯಾರ ಮನೆತನವನ್ನು ಬೇಕಾದರೂ ಕೆದಕಬಹುದು.

ಆ ಸಾಲುಗಳಲ್ಲಿ ಏನಿರುತ್ತದೆ? ಹೆಸರು, ತಂದೆತಾಯಿ, ಜ್ಞಾನತಂದೆ, ಜ್ಞಾನತಾಯಿ, ದಿನಾಂಕ. ಕೆಲವೊಮ್ಮೆ ತಂದೆ ಯಾರೆಂದು ತಿಳಿಯದು ಎಂಬ ಲತೀನ್ ಮಾತು. ಹಳೆಯ ಕೆಲವು ಪುಸ್ತಕಗಳಲ್ಲಿ ಜಾತಿಯನ್ನೂ ಬರೆದದ್ದುಂಟು. ಈಗ ಹೀಗೆ ಊಹಿಸಿಕೊಳ್ಳಿ. ಒಂದು ಹುಡುಗಿಗೆ ಸಂಬಂಧ ಕೂಡಿ ಬಂದಿದೆ. ಗಂಡಿನ ಕಡೆಯ ಯಾರೋ ಒಬ್ಬರು ಅವಳ ಅಜ್ಜಿಯ ಹೆಸರು ಹುಡುಕುತ್ತಾರೆ. ಅಜ್ಜಿಯ ತಂದೆಯ ಜಾಗ ಖಾಲಿ. ಮರುದಿನ ಮದುವೆಯ ಮಾತು ನಿಲ್ಲುತ್ತದೆ. ತೊಂಬತ್ತು ವರ್ಷದ ಹಿಂದಿನ ಒಂದು ಖಾಲಿ ಜಾಗಕ್ಕೆ ಇಂದಿನ ಹುಡುಗಿ ಕಣ್ಣೀರು ಹಾಕಬೇಕೇ?

'ಋಷಿಮೂಲ, ನದಿಮೂಲ, ಸ್ತ್ರೀಮೂಲ ಹುಡುಕಬಾರದು' ಎಂಬ ನಮ್ಮ ಹಿರಿಯರ ಗಾದೆಯಲ್ಲಿ ಇಂಥ ಅನುಭವವಿದೆ. ಧರ್ಮಸಭೆಯ ಕಾನೂನೂ ಈ ನೋವನ್ನು ಬಲ್ಲದು. ಮದುವೆಯಾಗದ ತಾಯಿಯ ಮಗುವಿನ ಜ್ಞಾನಸ್ನಾನವನ್ನು ದಾಖಲಿಸುವಾಗ, ಯಾರ ತಾಯ್ತನ ಎಲ್ಲರಿಗೂ ಗೊತ್ತಿದೆಯೋ ಅಥವಾ ಯಾರು ತಾನಾಗಿ ಕೇಳುತ್ತಾಳೋ ಆ ತಾಯಿಯ ಹೆಸರನ್ನು ಬರೆಯಬೇಕು. ತಂದೆಯ ಹೆಸರನ್ನು ಸರ್ಕಾರಿ ದಾಖಲೆಯಿಂದಲೋ, ಗುರುಗಳ ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಆತನೇ ಒಪ್ಪಿದಾಗಲೋ ಮಾತ್ರ ಬರೆಯಬೇಕು. ಇಲ್ಲವಾದರೆ ಆ ಜಾಗ ಖಾಲಿ. ಗಾಳಿಮಾತನ್ನು ಪುಸ್ತಕಕ್ಕೆ ಏರಿಸುವಂತಿಲ್ಲ.

ಹಾಗಾದರೆ ಎಲ್ಲವನ್ನೂ ಬೀಗ ಹಾಕಿ ಇಟ್ಟುಬಿಡೋಣವೇ? ಅಲ್ಲೂ ಅಪಾಯವಿದೆ. ಅದನ್ನೂ ಐರ್ಲೆಂಡೇ ನಮಗೆ ತೋರಿಸಿತು. ಗಾಲ್ವೇ ಜಿಲ್ಲೆಯ ಟ್ಯೂಮ್ ಎಂಬ ಊರಿನಲ್ಲಿ ಮದುವೆಯಾಗದ ತಾಯಂದಿರಿಗಾಗಿ ಒಂದು ಆಶ್ರಮವಿತ್ತು. 1925ರಿಂದ 1961ರವರೆಗೆ ಅದನ್ನು ಕನ್ಯಾಸ್ತ್ರೀಯರು ನಡೆಸಿದರು. ಕ್ಯಾಥರಿನ್ ಕಾರ್ಲೆಸ್ ಎಂಬ ಸ್ಥಳೀಯ ಇತಿಹಾಸಕಾರ್ತಿ ಸರ್ಕಾರದ ಮರಣ ದಾಖಲೆಗಳನ್ನು ಒಂದೊಂದಾಗಿ ತೆಗೆಸಿ ನೋಡಿದಾಗ ಅಲ್ಲಿ ಸತ್ತ 796 ಮಕ್ಕಳ ಹೆಸರು ಸಿಕ್ಕಿತು. ಆದರೆ ಅವರನ್ನು ಹೂಳಿದ ದಾಖಲೆ ಹೆಚ್ಚುಕಡಿಮೆ ಯಾರದೂ ಇರಲಿಲ್ಲ. 2014ರಲ್ಲಿ ಈ ಸುದ್ದಿ ಲೋಕಕ್ಕೆ ತಿಳಿಯಿತು. 2025ರ ಜುಲೈನಲ್ಲಿ ಆ ನೆಲವನ್ನು ಅಗೆದು ಮಕ್ಕಳ ಅವಶೇಷಗಳನ್ನು ಎತ್ತುವ ಕೆಲಸ ಆರಂಭವಾಯಿತು. ಇದನ್ನು ಓದಲು ನಮಗೆ ಕಷ್ಟವಾಗುತ್ತದೆ. ಆದರೂ ಓದಬೇಕು. ಆ ಮೌನ ತಾಯಂದಿರ ಮಾನ ಕಾಯುವುದಕ್ಕೆ ಎಂದು ಹೇಳಲಾಗುತ್ತಿತ್ತು. ಅದು ಕಾಯ್ದದ್ದು ಯಾರ ಮಾನವನ್ನು?

ಯಾರಿಗಾಗಿ ಈ ಮರೆ?

ಪ್ರಿಯ ಓದುಗರೇ, ನಮಗೆ ದಾರಿ ತೋರುವ ಪ್ರಶ್ನೆ ಇದೇ. ದಾಖಲೆಯೊಂದನ್ನು ಮರೆಯಲ್ಲಿಡುವಾಗ ಯಾರನ್ನು ಕಾಪಾಡುತ್ತಿದ್ದೇವೆ? ಬಲವಿಲ್ಲದ ತಾಯಿಯನ್ನು, ಮದುವೆಗೆ ನಿಂತ ಹುಡುಗಿಯನ್ನು ಕಾಪಾಡುತ್ತಿದ್ದರೆ ಅದು ಕರುಣೆ. ಅಧಿಕಾರದಲ್ಲಿದ್ದವರನ್ನು, ಸಂಸ್ಥೆಯ ಹೆಸರನ್ನು ಕಾಪಾಡುತ್ತಿದ್ದರೆ ಅದಕ್ಕೆ ಕರುಣೆಯ ಹೆಸರು ಕೊಡಬಾರದು.

ಈ ಅಳತೆಗೋಲು ಹಿಡಿದರೆ ಹಲವು ವಿಷಯಗಳು ತಿಳಿಯಾಗುತ್ತವೆ. ಬದುಕಿರುವವರ, ಅವರ ತಂದೆತಾಯಿಯರ ಕಾಲದ ಪುಟಗಳನ್ನು ಎಲ್ಲರಿಗೂ ತೆರೆಯುವುದು ಬೇಡ. ಐರ್ಲೆಂಡಿನ ಸರ್ಕಾರವೂ ನೂರು ವರ್ಷ ದಾಟಿದ ಜನನ, ಎಪ್ಪತ್ತೈದು ವರ್ಷ ದಾಟಿದ ಮದುವೆ, ಐವತ್ತು ವರ್ಷ ದಾಟಿದ ಮರಣದ ದಾಖಲೆಗಳನ್ನಷ್ಟೇ ಸಾರ್ವಜನಿಕರಿಗೆ ತೆರೆದಿಡುತ್ತದೆ. ಆದರೆ ತನ್ನನ್ನು ಹೆತ್ತವರು ಯಾರೆಂದು ತಿಳಿಯದ ಮಗ ಬಂದು ಕೇಳಿದರೆ ಅವನನ್ನು ಕುತೂಹಲದ ನೆರೆಯವನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಆ ಸಾಲು ಅವನ ಬದುಕಿನದು. 2022ರಲ್ಲಿ ಐರ್ಲೆಂಡು ದತ್ತು ಹೋದವರಿಗೆ ತಮ್ಮ ಜನನದ ದಾಖಲೆ ಪಡೆಯುವ ಪೂರ್ಣ ಹಕ್ಕನ್ನು ಕಾನೂನಿನಿಂದಲೇ ಕೊಟ್ಟಿತು. ಹೆತ್ತ ತಾಯಿ ಸಂಪರ್ಕ ಬೇಡವೆಂದಿದ್ದರೆ, ದಾಖಲೆ ಕೈಗೆ ಕೊಡುವ ಮುಂಚೆ ಅವಳ ಇಚ್ಛೆಯನ್ನು ಮಗನಿಗೆ ವಿವರಿಸಿ ಹೇಳುವ ಏರ್ಪಾಡೂ ಅದರಲ್ಲಿದೆ. ತಾಯಿಯ ನೋವು, ಮಗನ ಹಸಿವು ಎರಡನ್ನೂ ತೂಗುವುದು ಸುಲಭವಲ್ಲ. ಎರಡನ್ನೂ ತಕ್ಕಡಿಯಲ್ಲಿ ಇಟ್ಟದ್ದಂತೂ ಸರಿಯಾದ ಕೆಲಸ.

ನಮ್ಮ ಬಾಗಲಗುಂಟೆಯಿಂದ ಹೆಸರಘಟ್ಟದ ರಸ್ತೆಯಲ್ಲೇ ಮುಂದೆ ಹೋದರೆ ಸಿಲುವೆಪುರ ಸಿಗುತ್ತದೆ. 1876-78ರ ಮಹಾ ಬರಗಾಲದಲ್ಲಿ ಮೈಸೂರು ಸೀಮೆಯ ಜನರಲ್ಲಿ ಐದನೇ ಒಂದು ಪಾಲಿನಷ್ಟು ಮಂದಿ ಇಲ್ಲವಾದರು. ಆಗ ಅನಾಥರಾದ ಮಕ್ಕಳಿಗೆ ನೆಲೆ ಕೊಡಲು ಫ್ರೆಂಚ್ ಗುರುಗಳು ಕಟ್ಟಿದ ಊರು ಅದು. ಅಂಥ ಮಗುವೊಂದು ದೇವಾಲಯದ ಬಾಗಿಲಿಗೆ ಬಂದಾಗ ಅಪ್ಪ ಅಮ್ಮನ ಹೆಸರು ಹೇಳುವವರು ಯಾರಿದ್ದರು? ಆ ಬರಗಾಲದ ಮಕ್ಕಳ ವಂಶದವರು ಇಂದು ನಮ್ಮ ನಡುವೆ ಇರಬಹುದು, ನಾವೇ ಆಗಿರಬಹುದು. ಅವರ ಪುಟದ ಖಾಲಿ ಜಾಗ ಹಸಿವಿನ ಗುರುತು. ಅದನ್ನು ಓದಿ ತಲೆ ತಗ್ಗಿಸಬೇಕಾದವರು ಆ ಮಕ್ಕಳಲ್ಲ.

ಸಂತ ಮತ್ತಾಯನ ಶುಭಸಂದೇಶ ಒಂದು ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದರಲ್ಲಿ ಮರಿಯಮ್ಮನವರಿಗಿಂತ ಮೊದಲು ನಾಲ್ವರು ಸ್ತ್ರೀಯರು ಬರುತ್ತಾರೆ. ಮಾವನಿಂದ ಮಕ್ಕಳನ್ನು ಪಡೆದ ತಾಮಾರಳು, ವೇಶ್ಯೆಯಾಗಿದ್ದ ರಾಹಾಬಳು, ಪರದೇಶದ ರೂತಳು, ಊರೀಯನ ಹೆಂಡತಿ. ಬರೆದವನು ಬೇಕೆಂದರೆ ಈ ಹೆಸರುಗಳನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಯೇಸುಸ್ವಾಮಿಯ ಕುಟುಂಬದ ಕಥೆಯಲ್ಲಿ ಅವರಿಗೂ ಜಾಗವಿತ್ತು. ಆ ಮಾತುಗಳನ್ನು ಅಲ್ಲಿ ಹೇಳಿದ್ದು ಅವರನ್ನು ತಮ್ಮವರೆಂದು ಒಪ್ಪಿಕೊಂಡವರು. ಅದೇ ಸಂಗತಿಯನ್ನು ಹೊರಗಿನವನೊಬ್ಬ ಕೆದಕಿ ಬೀದಿಗೆ ತಂದಿದ್ದರೆ ಅದು ಬರೀ ಚಾಡಿಯಾಗುತ್ತಿತ್ತು.

ಹೀಗಾಗಿ ಕಂಪ್ಯೂಟರಿಗೆ ಎಷ್ಟು ಬೀಗ ಹಾಕಬೇಕೆಂಬ ಪ್ರಶ್ನೆ ಕೊನೆಗೆ ನಮ್ಮ ಮನೆಯ ಜಗಲಿಗೇ ಬರುತ್ತದೆ. ಅಜ್ಜಿಯ ಹೆಸರಿನ ಮುಂದಿನ ಖಾಲಿ ಜಾಗ ನೋಡಿ ಸಂಬಂಧ ಮುರಿಯುವವರು ನಾವು. ಹಳೆಯ ಪುಸ್ತಕದಲ್ಲಿ ಜಾತಿ ಹುಡುಕುವವರೂ ನಾವೇ. ಈ ಗುಣ ನಮ್ಮಲ್ಲಿ ಇರುವವರೆಗೆ ಆ ಪುಟಗಳಿಗೆ ಕಾವಲು ಬೇಕು. ನಾವು ಬದಲಾದಷ್ಟೂ ಕಾವಲು ಸಡಿಲವಾಗಬಹುದು.

ಈ ವಾರ ಒಂದು ಕೆಲಸ ಮಾಡಿ. ರಾತ್ರಿ ಜಪಮಾಲೆ ಮುಗಿದ ಮೇಲೆ ಮನೆಯ ಹಿರಿಯರನ್ನು ಕೂರಿಸಿ, ಅವರಿಗೆ ನೆನಪಿರುವ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹೆಂಗಸರ ಹೆಸರು ಬಿಡಬೇಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಬರೆಯಿರಿ. ಲತೀನಿನಲ್ಲಿ ಪೇತ್ರುಸ್ ಎಂದಿರುವವನು ಮನೆಯಲ್ಲಿ ರಾಯಪ್ಪ, ಪೌಲುಸ್ ಎಂದಿರುವವನು ಚಿನ್ನಪ್ಪ, ಇಗ್ನಾಸಿಯುಸ್ ಎಂದಿರುವವನು ಇನ್ನಾಸಪ್ಪ ಆಗಿರಬಹುದು. ಇದು ಗೊತ್ತಿಲ್ಲದಿದ್ದರೆ ಪುಸ್ತಕ ಎದುರಿಗಿದ್ದರೂ ಅಜ್ಜ ಸಿಗುವುದಿಲ್ಲ. ಊರಿಗೆ ಹೋದಾಗ ಗುರುಗಳ ಅಪ್ಪಣೆ ಪಡೆದು ನಿಮ್ಮವರ ಸಾಲನ್ನು ನೋಡಿ ಬನ್ನಿ. ಪುಸ್ತಕ ಹಾಳಾಗುತ್ತಿದ್ದರೆ ಅದನ್ನು ಚಿತ್ರ ತೆಗೆಸಿ ಉಳಿಸಲು ಕೈಲಾದ ನೆರವು ಕೊಡಿ.

ಆ ಪುಟದಲ್ಲಿ ನೀವು ನಿರೀಕ್ಷಿಸದ ಮಾತು ಸಿಕ್ಕರೆ? ಅದು ನಿಮ್ಮ ಮನೆಯದಾದರೆ, ಆ ತಾಯಿಯ ಹೆಸರನ್ನು ಈ ನವೆಂಬರಿನಲ್ಲಿ ಸತ್ತವರಿಗಾಗಿ ಬರೆದು ಕೊಡುವ ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ಬರೆಯಿರಿ. ನೆರೆಮನೆಯದಾದರೆ, ಪುಸ್ತಕ ಮುಚ್ಚಿ, ಗುರುಗಳಿಗೆ ಒಪ್ಪಿಸಿ, ಸುಮ್ಮನೆ ಮನೆಗೆ ಬನ್ನಿ.