ಎರಡು ಇಂಧನ, ಒಂದು ಡೆಲ್ಕೋ

ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಊರಲ್ಲಿರುವ ನಿಮಗೆ ಅದು ಸಿನಿಮಾದಲ್ಲಿ ಕಂಡ ಕಪ್ಪು-ಹಳದಿ ಕಾರು. ನನಗೆ ಮಾತ್ರ ಅದು ಬಾನೆಟ್ ಎತ್ತಿ ನಿಂತಂತೆಯೇ ನೆನಪಾಗುತ್ತದೆ. ಕುರ್ಲಾದ ಗ್ಯಾರೇಜೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವನು ನಾನು.

ಟೈಮಿಂಗ್ ಅಂದರೆ ಇಷ್ಟೇ. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲನ್ನು ಒತ್ತುವಾಗ ಕಿಡಿ ಹಾರಬೇಕು. ಪೂರ್ತಿ ಮೇಲೆ ಬಂದ ಮೇಲಲ್ಲ, ತುಸು ಮುಂಚೆ; ಉರಿ ಹರಡಲಿಕ್ಕೂ ಹೊತ್ತು ಬೇಕಲ್ಲ! ಆ ಕಿಡಿಯನ್ನು 1-3-4-2 ಎಂಬ ಸರದಿಯಲ್ಲಿ ನಾಲ್ಕು ಸಿಲಿಂಡರಿಗೆ ಹಂಚುವುದು ಡಿಸ್ಟ್ರಿಬ್ಯೂಟರ್, ಗ್ಯಾರೇಜಿನವರ ಬಾಯಲ್ಲಿ ಡೆಲ್ಕೋ. ನಮ್ಮ ಉಸ್ತಾದ್ ಬರೀ ಗುರುತು ಕೂಡಿತೆಂದು ನಂಬುತ್ತಿರಲಿಲ್ಲ. ಹೊಗೆ ಹೊರಹಾಕುವ ಸುತ್ತಿನಲ್ಲೂ ಅದೇ ಗುರುತು ಬರುತ್ತದೆ. ಅದಕ್ಕೇ ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು, ಗಾಳಿ ಒತ್ತುತ್ತದೆಯೇ ಎಂದು ನೋಡುವುದು. ಆಮೇಲೆ ಎರಡು ವೈರು ಕಟ್ಟಿದ ಸಣ್ಣ ಬಲ್ಬು. ಡೆಲ್ಕೋ ತಿರುಗಿಸುತ್ತ ಹೋಗಿ, ಪಾಯಿಂಟ್ ಬಿಡುವ ಕ್ಷಣಕ್ಕೆ ಬಲ್ಬು ಹತ್ತಿತೋ, ಅಲ್ಲಿಗೆ ಬೋಲ್ಟು ಬಿಗಿ.

ಸಿಎನ್‌ಜಿ ಬಂದ ಮೇಲೆ ತೊಡಕು ಶುರುವಾಯಿತು. ಗ್ಯಾಸು ನಿಧಾನ ಉರಿಯುತ್ತದೆ, ಅದಕ್ಕೆ ಕಿಡಿ ಇನ್ನೂ ಮುಂಚೆ ಬೇಕು. ಅಷ್ಟು ಮುಂದಿಟ್ಟರೆ, ಅದೇ ಗಾಡಿ ಪೆಟ್ರೋಲಿನಲ್ಲಿ ಏರು ಹತ್ತುವಾಗ ಟಕಟಕ ಬಡಿಯುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್ನಿಗೇ ಏಟು. ಪೆಟ್ರೋಲಿಗೆ ಹೊಂದಿಸಿದಿರೋ, ಗ್ಯಾಸಿನಲ್ಲಿ ಎಳೆತವಿಲ್ಲ, ಎಂಜಿನ್ ಕಾಯುತ್ತದೆ. ಇಂಧನ ಎರಡು, ಡೆಲ್ಕೋ ಒಂದೇ.

ಹೊರನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅವ್ವ, ತಮ್ಮ, ಹೊಲ. ಇಲ್ಲಿ ಹೆಂಡತಿ, ಮಕ್ಕಳ ಶಾಲೆ, ಖೋಲಿ ಬಾಡಿಗೆ. ಎರಡೂ ಕಡೆ ಸರಿಯಾಗಿ ಇರಲಿಕ್ಕೆ ಒಬ್ಬನಿಂದ ಆದೀತೇ? ನಮ್ಮಲ್ಲಿ ಬಹಳ ಮಂದಿ ನಡುವೆ ಎಲ್ಲೋ ನಿಲ್ಲುತ್ತಾರೆ. ಊರಿಗೆ ಫೋನು ಮಾಡಿ "ಬರೋ ವರ್ಷ ಬಂದಬಿಡ್ತೀನಿ" ಅನ್ನುವುದು, ಇಲ್ಲಿ ಮನೆ ಕೊಳ್ಳುವ ಮಾತೆದ್ದರೆ "ನೋಡೋಣಂತ" ಅನ್ನುವುದು. ಯಾರಿಗೂ ನೋವಾಗದಿರಲಿ ಎಂಬ ಒಳ್ಳೆಯ ಮನಸ್ಸೇ. ಆದರೆ ಇಬ್ಬರನ್ನೂ ಕಾಯಿಸಿ ಇಡುವುದು ಒಂದು ಬಗೆಯ ಸುಳ್ಳೇ ಅಂತ ನನಗನಿಸುತ್ತದೆ.

ಉಸ್ತಾದ್ ನಡುವೆ ಇಡುತ್ತಿರಲಿಲ್ಲ. "ಜಾಸ್ತಿ ಯಾವುದರಲ್ಲಿ ಓಡಿಸ್ತಿ?" ಎಂದು ಡ್ರೈವರನ್ನೇ ಕೇಳುತ್ತಿದ್ದರು. ಗ್ಯಾಸು ಅಂದರೆ ಗ್ಯಾಸಿಗೇ ಇಟ್ಟು, "ಪೆಟ್ರೋಲಿನಲ್ಲಿದ್ದಾಗ ಜೋರು ಮಾಡಬೇಡ, ಏರು ಬಂದರೆ ಗೇರ್ ಇಳಿಸು" ಎಂದು ಹೇಳಿ ಕಳಿಸುತ್ತಿದ್ದರು. ನಾನೂ ಅವ್ವನಿಗೆ ಹೇಳಿದೆ: "ಇನ್ನ ನಾ ಇರೋದು ಇಲ್ಲೇ ಅವ್ವಾ." ಊರಿಗೆ ಹೋದ ಹದಿನೈದು ದಿನ ಯಜಮಾನಿಕೆ ಮಾಡುವುದಿಲ್ಲ, ತಮ್ಮನ ವ್ಯವಹಾರದಲ್ಲಿ ಬಾಯಿ ಹಾಕುವುದಿಲ್ಲ. ಅವ್ವ ಎರಡು ದಿನ ಮಾತಾಡಲಿಲ್ಲ. ಆಮೇಲೆ ನನಗೆಂದು ಖಾಲಿ ಬಿಟ್ಟಿದ್ದ ಕೋಣೆಯಲ್ಲಿ ಜೋಳದ ಚೀಲ ಇಡಿಸಿದಳು.

ಆದರೂ ಉಸ್ತಾದರ ಪ್ರಶ್ನೆ ಪೂರ್ತಿ ಸಾಲುವುದಿಲ್ಲ. ಯಾವುದರ ಮೇಲೆ ಹೆಚ್ಚು ಓಡುತ್ತೇವೋ ಅದರ ಋಣವೇ ಹೆಚ್ಚು ಅನ್ನಲಾದೀತೇ? ದಿನವಿಡೀ ಗ್ಯಾಸಿನಲ್ಲಿ ಓಡುವ ಗಾಡಿಯನ್ನೂ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡುತ್ತಿದ್ದುದು ಪೆಟ್ರೋಲಿನಲ್ಲೇ. ಉಸ್ತಾದ್ ಗೋರಖಪುರದ ಕಡೆಯವರು, ಅವರ ತಾಯಿಯೂ ಊರಲ್ಲೇ ಇದ್ದರು. ಒಮ್ಮೆ ಅವರಿಗೇ ಇದನ್ನು ಕೇಳಿದೆ. ಅವರು ಬಾನೆಟ್ಟಿನೊಳಗಿಂದ ತಲೆ ಎತ್ತದೆ, ಹತ್ತು ನಂಬರಿನ ಪಾನಾ ಕೊಡಿ ಅಂದರು.