ಕಸವೂ ವಿವೇಕವೂ



ಬೆಟ್ಟ ಏರಿ ದಣಿದು ಬಂದಿದ್ದೀರಿ. ನೆರಳಿಗೆ ಕುಳಿತು ಒಂದು ಮಾತು ಕೇಳಿರಿ. ಇದು ದೇವರ ಮಹಿಮೆಯ ಕಥೆಯಲ್ಲ, ಒಂದು ಗ್ಲಾಸಿನ ಕಥೆ.

ಯುಗಾದಿ ಹತ್ತಿರ ಬಂತೆಂದರೆ ವಿಜಯಪುರ ಸೀಮೆಯಿಂದ ಶ್ರೀಶೈಲ ಮಲ್ಲಯ್ಯನ ದರ್ಶನಕ್ಕೆ ಸಾವಿರಾರು ಮಂದಿ ನಡೆದು ಹೋಗುತ್ತಾರೆ. ದಾರಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಊಟ ನೀಡುವವರಿದ್ದಾರೆ. ಒಂದು ವರ್ಷ ನಾವು ಗೆಳೆಯರೂ ರಸ್ತೆ ಬದಿಗೆ ಪೆಂಡಾಲು ಹಾಕಿ ಮಜ್ಜಿಗೆ ಹಂಚಿದೆವು. ಸಂಜೆಗೆ ಕೊಡ ಬರಿದಾದವು, ಮನಸ್ಸು ತುಂಬಿತು. ಮರುದಿನ ಮುಂಜಾನೆ ಪೆಂಡಾಲು ಬಿಚ್ಚಲು ಹೋದರೆ ಗಟಾರದ ತುಂಬ ನಮ್ಮ ಪ್ಲಾಸ್ಟಿಕ್ ಗ್ಲಾಸುಗಳು. ಕಸಬರಿಗೆ ಹಿಡಿದ ಒಬ್ಬ ತಾಯಿ ಅವನ್ನು ಬಗ್ಗಿ ಬಗ್ಗಿ ಆರಿಸುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು.

"ಅಣ್ಣಾರ, ನಿನ್ನೆ ನಾನೂ ನಿಮ್ಮ ಮಜ್ಜಿಗಿ ಕುಡದೇನ್ರಿ, ಭಾಳ ತಂಪಿತ್ತು. ಪುಣ್ಯಾ ನಿಮಗ ಬರ್ಲಿ. ಆದ್ರ ಈ ಗ್ಲಾಸು ಯಾರ ಪಾಲಿಗ್ರಿ?"

ಉತ್ತರ ಹೊಳೆಯಲಿಲ್ಲ. ಆಕೆಯ ಜೊತೆ ನಾವೂ ಆರಿಸಿದೆವು. ಆದರೆ ಆ ಪ್ರಶ್ನೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಪುಣ್ಯ ನನ್ನದು, ಅದರ ಎಂಜಲು ಇನ್ನೊಬ್ಬರದು ಎಂದರೆ ಅದು ಎಂಥ ಪುಣ್ಯ?

"ನಾವು ಕರ ಕಟ್ಟುತ್ತೇವೆ, ಅವರಿಗೆ ಪಗಾರ ಸಿಗುತ್ತದೆ, ಮುಗಿಯಿತಲ್ಲ?" ಎನ್ನುವವರಿದ್ದಾರೆ. ಸ್ವಲ್ಪ ವಿಚಾರ ಮಾಡೋಣ. ಬಾಳೆಹಣ್ಣಿನ ಸಿಪ್ಪೆ ಬೇರೆ ಇದ್ದರೆ ಅದು ಗೊಬ್ಬರ. ರದ್ದಿ ಕಾಗದ ಬೇರೆ ಇದ್ದರೆ ಗುಜರಿಯವನು ರೊಕ್ಕ ಕೊಟ್ಟು ಒಯ್ಯುತ್ತಾನೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ, ಮೇಲೆ ಹಳಸಿದ ಸಾರು ಸುರಿದು, ಒಡೆದ ಗಾಜು ಸೇರಿಸಿ ಗಂಟು ಕಟ್ಟಿದರೆ ಗೊಬ್ಬರವೂ ಕೆಟ್ಟಿತು, ರದ್ದಿಯೂ ಕೆಟ್ಟಿತು. ಹಾಗಾದರೆ ಕಸ ಹುಟ್ಟಿದ್ದು ಎಲ್ಲಿ? ನಮ್ಮ ಕೈಯಲ್ಲೇ, ಬೆರೆಸಿದ ಆ ಗಳಿಗೆಯಲ್ಲೇ. ಬೆರೆಸಲು ಒಂದು ನಿಮಿಷ ಸಾಕು. ಬಿಡಿಸಲು ಯಾರೋ ಒಬ್ಬರು ಆ ಗಾಜಿನ ನಡುವೆ ಕೈ ಹಾಕಬೇಕು. ಕರ ಕಟ್ಟಿದ್ದು ಕಸ ಸಾಗಿಸುವುದಕ್ಕೆ. ಇನ್ನೊಬ್ಬರ ಬೆರಳು ಕೊಯ್ಯುವುದಕ್ಕೆ ಯಾವ ಕರದಲ್ಲೂ ಅನುಮತಿ ಇಲ್ಲ.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ನೋಡ್ರಿ. ಹಿಂದೆ ಮನೆಗೊಂದು ತಿಪ್ಪೆ ಇತ್ತು. ಸಗಣಿ, ಬೂದಿ, ದನ ತಿಂದು ಬಿಟ್ಟ ಕಣಕಿ ಎಲ್ಲವೂ ಅಲ್ಲಿ ಕೊಳೆತು, ಮುಂಗಾರಿಗೆ ಮೊದಲು ಚಕ್ಕಡಿಯಲ್ಲಿ ಎರೆಹೊಲಕ್ಕೆ ಹೋಗುತ್ತಿತ್ತು. ಅದೇ ಜೋಳವಾಗಿ ಮನೆಗೆ ತಿರುಗಿ ಬರುತ್ತಿತ್ತು. ಇಂದು ಅದೇ ತಿಪ್ಪೆಗೆ ಶಾಂಪೂ ಪಾಕೀಟು, ಗುಟ್ಕಾ ಚೀಟಿ, ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧದ ಬಾಟಲಿ ಬೀಳುತ್ತವೆ. ಅವೂ ಗೊಬ್ಬರದ ಜೊತೆ ಹೊಲ ಸೇರುತ್ತವೆ, ಆದರೆ ಮಣ್ಣಾಗುವುದಿಲ್ಲ.

ಗೋಮಾತೆಗೆ ಕುಂಕುಮ ಹಚ್ಚಿ ಕೈಮುಗಿಯುವ ನಾವೇ ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೀದಿಗೆ ಎಸೆಯುತ್ತೇವೆ. ಆಕಳಿಗೆ ಗಂಟು ಬಿಚ್ಚಲು ಬರುತ್ತದೆಯೇ? ಅನ್ನದ ವಾಸನೆಗೆ ಚೀಲಸಮೇತ ನುಂಗುತ್ತದೆ. ಆ ಚೀಲ ಕರಗದೆ ಹೊಟ್ಟೆಯಲ್ಲೇ ಕೂತು, ಮೇವು ಸೇರದೆ ಆಕಳು ಸೊರಗಿ ಸಾಯುತ್ತದೆ.

ಎಸೆದದ್ದು ದೂರ ಹೋಯಿತು ಎಂಬುದು ನಮ್ಮ ಭ್ರಮೆ. ವಿಜಯಪುರದ ತಾಜ್ ಬಾವಡಿಯನ್ನೇ ನೋಡಿರಿ. ಆದಿಲಶಾಹಿ ಕಾಲದಲ್ಲಿ ಊರಿಗೆ ನೀರು ಕೊಡಲು ಕಟ್ಟಿದ ಬಾವಿ ಅದು. ನಳದ ನೀರು ಬಂದ ಮೇಲೆ ಅದನ್ನು ಮರೆತೆವು, ಕಸ ತುಂಬಿದೆವು. ಕೊನೆಗೆ 2010ರ ದಶಕದಲ್ಲಿ ನಗರದ ಹಳೆಯ ಬಾವಡಿಗಳ ಕಸ, ಹೂಳು ತೆಗೆಸುವ ಕೆಲಸ ನಡೆಯಬೇಕಾಯಿತು. ಅಜ್ಜಂದಿರು ತೋಡಿದ್ದು ನೀರಿಗಾಗಿ, ಮೊಮ್ಮಕ್ಕಳು ತೋಡಿದ್ದು ಕಸಕ್ಕಾಗಿ!

ನಮ್ಮ ಶಾಸ್ತ್ರಗಳಲ್ಲಿ 'ವಿವೇಕ' ಎಂಬ ದೊಡ್ಡ ಮಾತಿದೆ. ಅದರ ಮೂಲ ಅರ್ಥವೇ ಬೇರ್ಪಡಿಸುವುದು. ಯಾವುದು ನಿತ್ಯ, ಯಾವುದು ಅನಿತ್ಯ ಎಂದು ಬೇರೆ ಮಾಡಿ ತಿಳಿಯುವುದೇ ವಿವೇಕ. ಇದನ್ನು ಓದು ಬಾರದ ನಮ್ಮ ತಾಯಂದಿರೂ ಬಲ್ಲರು. ಮರದಲ್ಲಿ ಜೋಳ ಹಸನು ಮಾಡುವಾಗ ಹಳ್ಳು ಮೊದಲೇ ಆರಿಸುತ್ತಾರೆ. ಹಿಟ್ಟಾದ ಮ್ಯಾಲ ಹಳ್ಳು ಆರಿಸಾಕ ಬರತದೇನು? ಸರ್ಕಾರದ 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದೂ ಇದನ್ನೇ: ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರೆ ಮಾಡಿ ಕೊಡಿ.

ಆದರೆ ಇಲ್ಲೊಂದು ದೊಡ್ಡ ತಪ್ಪನ್ನು ನಾವು ತಲೆತಲಾಂತರದಿಂದ ಮಾಡಿದ್ದೇವೆ. ಬೇರೆ ಮಾಡಬೇಕಾದ ಕಸವನ್ನು ಬೆರೆಸಿದೆವು. ಬೆರೆತು ಬಾಳಬೇಕಾದ ಮನುಷ್ಯರನ್ನು ಬೇರೆ ಮಾಡಿದೆವು. ಹೊಲಸು ಮಾಡಿದವನು ಮಡಿವಂತ, ಅದನ್ನು ತೆಗೆದವನು ಮೈಲಿಗೆ! ಇದು ವಿವೇಕವೇ? 12ನೇ ಶತಮಾನದ ಶರಣೆ ಸತ್ಯಕ್ಕ ಅಂಗಳದ ಕಸ ಗುಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದಳು. ಶರಣರು ಅವಳನ್ನು ಹೊರಗೆ ನಿಲ್ಲಿಸಲಿಲ್ಲ, ತಮ್ಮ ಸಾಲಿನಲ್ಲಿ ಕೂರಿಸಿದರು. ಆದರೂ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ನಾಡಿನಲ್ಲಿ ನಿಷೇಧಿಸಲು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಇಂದು ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಅನೇಕ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ವಾಹಿನಿ' ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಒಂದು ದಿನ ಶಾಲು ಹೊದಿಸುವುದಕ್ಕಿಂತ ದಿನಾಲೂ ಅವರ ಕೈಗೆ ಗಾಜು ಚುಚ್ಚದಂತೆ ಕಸ ಕೊಡುವುದು ದೊಡ್ಡ ಸನ್ಮಾನ.

"ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯಲ್ಲಿ ಒಂದೇ ಕಡೆ ಸುರೀತಾರಲ್ರಿ" ಎನ್ನುತ್ತೀರಿ. ಅಂಥಲ್ಲಿ ಕೇಳಲೇಬೇಕು. ಆದರೆ ಕೇಳುವ ಬಾಯಿಗೆ ಬಲ ಬರುವುದು ಬೇರೆ ಮಾಡಿ ಕೊಟ್ಟ ಕೈಯಿಂದ. ಹಿತ್ತಲಿದ್ದವರು ಹಸಿಕಸಕ್ಕೆ ಒಂದು ಗುಂಡಿ ತೋಡಿಕೊಂಡರೆ ಯಾರ ಹಂಗೂ ಇಲ್ಲ. ಕೆಲವೇ ತಿಂಗಳಲ್ಲಿ ಅದು ಕರೀಬೇವಿನ ಗಿಡಕ್ಕೆ ಗೊಬ್ಬರವಾಗುತ್ತದೆ.

ಮರುವರ್ಷ ನಾವು ಸ್ಟೀಲಿನ ಲೋಟ ತಂದೆವು. ಮಜ್ಜಿಗೆ ಹಂಚಲು ನಾನು ಮುಂದೆ, ತಾನು ಮುಂದೆ ಎಂದು ಎಲ್ಲರೂ ಬಂದರು. ಲೋಟ ತೊಳೆಯಲು ಯಾರೂ ಇಲ್ಲ! ದಾಸೋಹದಲ್ಲಿ ಕಷ್ಟದ ಪಾಲು ಯಾವುದೆಂದು ಆಗ ತಿಳಿಯಿತು. ಆ ಪಾಲನ್ನೇ ಇಷ್ಟು ದಿನ ಆ ತಾಯಿಯ ಮೇಲೆ ಹಾಕಿದ್ದೆವು. ಪಾಳಿ ಹಚ್ಚಿ ತೊಳೆದೆವು.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೀವೆಲ್ಲ ಬಲ್ಲಿರಿ. ಅವರ ಅಂಗಿಗೆ ಕಿಸೆ ಇರಲಿಲ್ಲ. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ತಮಗೆ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಅಷ್ಟು ಹಗುರಾಗಿ ಬಾಳಿ ಹೋಗುವುದು ನಮ್ಮಿಂದ ಆಗಲಿಕ್ಕಿಲ್ಲ. ಈ ಬೆಟ್ಟದಿಂದಾದರೂ ಹಗುರಾಗಿ ಇಳಿಯೋಣ. ತಂದ ಬಾಟಲಿ, ಪಾಕೀಟು ನಿಮ್ಮ ಚೀಲದಲ್ಲೇ ತಿರುಗಿ ಒಯ್ಯಿರಿ. ಹೂವು, ತೆಂಗಿನ ಚಿಪ್ಪು ಬೇರೆ ಬೇರೆ ಇಡಿರಿ. ಇಳಿಯುವಾಗ ಮೆಟ್ಟಿಲು ಗುಡಿಸುವವರು ಎದುರಾದರೆ ಒಂದು ನಮಸ್ಕಾರ ಹೇಳಿರಿ. ನೀವು ಬಿಟ್ಟುಹೋದದ್ದು ಯಾರ ಪಾಲಿಗೆ ಎಂದು ಅವರು ಕೇಳುವಂತೆ ಆಗದಿರಲಿ.