ಸಂಕಲ್ಪವಿಲ್ಲದ ಸಹವಾಸಿ: ಹಬ್ಬದ ಮನೆಯ ಬೆಕ್ಕು

ಮನೆಯ ಬೆಕ್ಕಿಗೆ ಮನೆಯ ಹಬ್ಬದಲ್ಲಿ ಪಾಲಿದೆಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಲಘುವೆನಿಸಿದರೂ, ಕರ್ಮಕ್ಕೆ ಯಾರು ಅರ್ಹರು ಎಂಬ ಬಹು ಹಳೆಯ ಜಿಜ್ಞಾಸೆಯ ಮುಂದುವರಿಕೆಯೇ ಅದು. ಗೌರಿ, ಗಣೇಶ, ನವರಾತ್ರಿ, ದೀಪಾವಳಿ ಎಂದು ಭಾದ್ರಪದದಿಂದ ಕಾರ್ತಿಕದವರೆಗೆ ಸಾಲುಗಟ್ಟುವ ಹಬ್ಬಗಳಲ್ಲಿ ಮನೆಯು ಮೂರು ಕಟ್ಟುಗಳಿಗೆ ಒಳಪಡುತ್ತದೆ: ಇಂಥ ತಿಥಿಯಲ್ಲಿ ಇಂಥ ಫಲಕ್ಕಾಗಿ ಇಂಥ ಕರ್ಮವೆಂದು ಘೋಷಿಸುವ ಸಂಕಲ್ಪ, ಸ್ನಾನದಿಂದ ಪಡೆದು ಸ್ಪರ್ಶಮಾತ್ರದಿಂದ ಕಳೆದುಕೊಳ್ಳುವ ಶುದ್ಧಿಯಾದ ಮಡಿ, ದೇವರಿಗೆ ತೋರಿಸುವ ಮೊದಲು ಯಾರೂ ಬಾಯಿಗಿಡಬಾರದ ನೈವೇದ್ಯ. ಈ ಮೂರರಲ್ಲಿ ಒಂದನ್ನೂ ಒಪ್ಪದೆ ಮೂರನ್ನೂ ದಾಟಿ ಓಡಾಡುವ ಜೀವ ಬೆಕ್ಕು. ನಾಯಿಯನ್ನು ಅಂಗಳದಲ್ಲಿ, ಹಸುವನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿದ ಸಂಪ್ರದಾಯಸ್ಥ ಮನೆಗಳಿಗೂ ಬೆಕ್ಕನ್ನು ಅಡುಗೆಮನೆಯಿಂದ ಹೊರಗಿಡಲು ಆಗಲಿಲ್ಲ. ದವಸಕ್ಕೆ ಬೀಳುವ ಇಲಿಗಳ ಕಾರಣ ಹಾಗೆ ಮಾಡುವ ಮನಸ್ಸೂ ಅವುಗಳಿಗೆ ಇದ್ದಿರಲಾರದು.

ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ಅಧಿಕಾರವನ್ನು, ಅಂದರೆ ಕರ್ಮವನ್ನು ಮಾಡಿ ಅದರ ಫಲವನ್ನು ಪಡೆಯುವ ಅರ್ಹತೆಯನ್ನು, ವಿಚಾರಿಸುತ್ತದೆ. ಸ್ವರ್ಗವನ್ನು ಬಯಸುವವನು ಯಜ್ಞ ಮಾಡಬೇಕೆಂಬುದು ವಿಧಿಯಾದರೆ, ಸುಖವನ್ನು ಪ್ರಾಣಿಗಳೂ ಬಯಸುವುದರಿಂದ ಅವುಗಳಿಗೂ ಅಧಿಕಾರ ಉಂಟಲ್ಲವೇ ಎಂಬ ಸಂದೇಹವನ್ನು ಭಾಷ್ಯಕಾರ ಶಬರನು ಗಂಭೀರವಾಗಿಯೇ ಎತ್ತಿಕೊಳ್ಳುತ್ತಾನೆ. ಪ್ರಾಣಿಗಳು ಹತ್ತಿರದ ಸುಖವನ್ನಷ್ಟೇ ಬಯಸುತ್ತವೆ ಎಂಬ ಸಮಾಧಾನಕ್ಕೆ ಎದುರಾಗಿ ಪೂರ್ವಪಕ್ಷವು, ಎಂದರೆ ಖಂಡಿಸುವುದಕ್ಕಾಗಿ ಮೊದಲು ಮಂಡಿಸುವ ವಾದವು, ನಾಯಿಗಳು ಚತುರ್ದಶಿಯಂದೂ ಗಿಡುಗಗಳು ಅಷ್ಟಮಿಯಂದೂ ಉಪವಾಸವಿರುವುದನ್ನು ಕಂಡಿದ್ದೇವಲ್ಲ ಎಂದು ಕೇಳುತ್ತದೆ. ಅವು ವೇದವನ್ನು ಓದಿದವಲ್ಲ, ಪರಲೋಕದ ಫಲವನ್ನು ಅರಿತವಲ್ಲ, ಊಟ ಬಿಟ್ಟಿದ್ದರೆ ಅದಕ್ಕೆ ರೋಗವೇ ಕಾರಣ ಎಂಬುದು ಸಿದ್ಧಾಂತ. ಉತ್ತರ ಒಣಗಿದಂತೆ ಕಂಡರೂ ಪ್ರಾಣಿಗಳಿಗೆ ಅದು ಉಪಕಾರಿ. ಅಧಿಕಾರವಿಲ್ಲದವನಿಗೆ ಪುಣ್ಯ ಹೇಗೆ ಇಲ್ಲವೋ ಹಾಗೆಯೇ ಕರ್ಮಲೋಪದ ದೋಷವೂ ಇಲ್ಲ. ಗಣೇಶನ ಮುಂದಿನ ಕಡುಬನ್ನು ಮೂಸಿದ ಬೆಕ್ಕು ಪಾಪ ಮಾಡಿತೆಂದು ಬೈಯುವವರು, ತಮಗೆ ಅರಿವಿಲ್ಲದೆಯೇ, ಶಬರನು ನಿರಾಕರಿಸಿದ ಅಧಿಕಾರವನ್ನು ಅದಕ್ಕೆ ಕೊಡುತ್ತಿರುತ್ತಾರೆ.

ಬೆಕ್ಕಿಗೆ ದೋಷವಿಲ್ಲದಿರಬಹುದು, ಕಡುಬಿಗೆ ಇದೆಯಲ್ಲ? ಎಂಜಲಿನ ವಿಷಯದಲ್ಲಿ ಸ್ಮೃತಿಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಬೆಕ್ಕು, ಕಾಗೆ, ಇಲಿ, ನಾಯಿ, ಮುಂಗುಸಿಗಳ ಎಂಜಲನ್ನು ತಿಂದವನು ಬ್ರಹ್ಮಸುವರ್ಚಲೆಯೆಂಬ ಸಸ್ಯದ ಕಷಾಯ ಕುಡಿದು ಶುದ್ಧನಾಗಬೇಕೆಂದು ಮನುಸ್ಮೃತಿಯ 11ನೆಯ ಅಧ್ಯಾಯ ವಿಧಿಸುತ್ತದೆ. ಕಲಿಯುಗಕ್ಕೆಂದೇ ಹುಟ್ಟಿದ್ದೆಂದು ಪರಂಪರೆ ಗೌರವಿಸುವ ಪರಾಶರಸ್ಮೃತಿಯಾದರೋ ಬೆಕ್ಕನ್ನು ನೊಣ, ಕೀಟ, ಪತಂಗ, ಹುಳು, ಕಪ್ಪೆಗಳ ಸಾಲಿನಲ್ಲಿಟ್ಟು, ಇವು ಶುದ್ಧವನ್ನೂ ಅಶುದ್ಧವನ್ನೂ ಮುಟ್ಟುತ್ತ ತಿರುಗಿದರೂ ಎಂಜಲಿನ ದೋಷ ತಗುಲದೆಂದು ಹೇಳುತ್ತದೆ, ಅದೂ ಮನುವಿನ ಹೆಸರನ್ನೇ ಮುಂದಿಟ್ಟುಕೊಂಡು. 14ನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯನು ಈ ಸ್ಮೃತಿಗೆ ಪರಾಶರಮಾಧವೀಯವೆಂಬ ದೊಡ್ಡ ವ್ಯಾಖ್ಯಾನ ಬರೆದುದರಿಂದ ಕನ್ನಡ ನಾಡಿನ ವೈದಿಕರಿಗೆ ಅದು ದೂರದ ಗ್ರಂಥವೇನೂ ಅಲ್ಲ. ಒಂದು ವಚನ ತಿನ್ನುವುದನ್ನೂ ಮತ್ತೊಂದು ಮುಟ್ಟುವುದನ್ನೂ ಕುರಿತದ್ದೆಂದು ಬಿಡಿಸಿ ವಿರೋಧವನ್ನು ಕಳೆಯಬಹುದು. ಆದರೆ ಪರಾಶರನ ಪಟ್ಟಿಯ ಹಿಂದಿರುವ ಎಣಿಕೆ ಬೇರೆಯೇ ಇರುವಂತೆ ತೋರುತ್ತದೆ: ನೊಣವನ್ನು ತಡೆಯಲಾಗದು, ಕೀಟವನ್ನು ತಡೆಯಲಾಗದು, ಬೆಕ್ಕನ್ನಂತೂ ತಡೆಯಲೇ ಆಗದು. ತಡೆಯಲಾಗದ್ದನ್ನು ಅಶುದ್ಧವೆಂದು ಸಾರಿದರೆ ಮಡಿಯೆಂಬುದೇ ಉಳಿಯುವುದಿಲ್ಲವೆಂಬ ಲೋಕಾನುಭವ ಅಲ್ಲಿ ಶಾಸ್ತ್ರವಾಗಿದೆ.

ಶ್ರಾದ್ಧದ ದಿನ ಬೆಕ್ಕನ್ನು ಕಂಬಕ್ಕೆ ಕಟ್ಟಿದವನ ಮಗ, ಬೆಕ್ಕಿಲ್ಲದ ತನ್ನ ಮನೆಯಲ್ಲಿ ಶ್ರಾದ್ಧಕ್ಕೆಂದೇ ಬೆಕ್ಕೊಂದನ್ನು ಹಿಡಿದು ತಂದು ಕಟ್ಟಿದನೆಂಬ ಕಥೆಯನ್ನು ಕುರುಡು ಆಚಾರದ ಹಾಸ್ಯವಾಗಿ ಎಲ್ಲರೂ ಹೇಳುತ್ತಾರೆ. ನಗು ಮಗನ ಪಾಲಿಗೆ ಬಿದ್ದುದರಿಂದ ತಂದೆಯ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕರ್ಮದ ನಡುವೆಯೂ ಮನೆಯಲ್ಲಿ ಇನ್ನೊಂದು ಜೀವವಿದೆಯೆಂದು ಲೆಕ್ಕಕ್ಕೆ ತೆಗೆದುಕೊಂಡವನು ಅವನೊಬ್ಬನೇ.

ಗೃಹಸ್ಥನು ನಿತ್ಯ ಮಾಡಬೇಕಾದ ಐದು ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು; ಇತರ ಜೀವಿಗಳಿಗೆಂದು ಅನ್ನದ ಪಾಲನ್ನು ತೆಗೆದಿಡುವುದೇ ಅದು. ನಾಯಿಗಳಿಗೆ, ಕಾಗೆಗಳಿಗೆ, ಹುಳುಗಳಿಗೆ ನೆಲದ ಮೇಲೆ ಮೆಲ್ಲನೆ ಇಡಬೇಕೆಂದು ಮನು ಹೆಸರಿಸುವಲ್ಲಿ ಬೆಕ್ಕಿನ ಹೆಸರಿಲ್ಲ. ಕೊಡುವವರೆಗೆ ಕಾಯದ ಪ್ರಾಣಿಗೆ ಪಾಲು ಇಡುವುದು ಅನಗತ್ಯವೆನಿಸಿತೋ ಏನೋ. ಬಂಗಾಳದ ಷಷ್ಠೀವ್ರತದ ಕಥೆಯಾದರೂ ಈ ಕಳ್ಳತನದ ಖ್ಯಾತಿಯನ್ನೇ ತಿರುಗಿಸಿ ಹಿಡಿಯುತ್ತದೆ. ಮಕ್ಕಳನ್ನು ಕಾಯುವ ದೇವಿಯಾದ ಷಷ್ಠಿಗೆ ಬೆಕ್ಕೇ ವಾಹನ. ಮನೆಯ ಸೊಸೆ ತಿಂಡಿಯನ್ನು ತಾನೇ ಕದ್ದು ತಿಂದು ಅಪವಾದವನ್ನು ಬೆಕ್ಕಿನ ಮೇಲೆ ಹೊರಿಸುತ್ತಾಳೆ, ನೊಂದ ಬೆಕ್ಕು ಅವಳಿಗೆ ಹುಟ್ಟಿದ ಮಕ್ಕಳನ್ನು ಒಂದೊಂದಾಗಿ ಒಯ್ದು ದೇವಿಗೆ ಒಪ್ಪಿಸುತ್ತದೆ, ಸೊಸೆ ತಪ್ಪೊಪ್ಪಿಕೊಂಡ ಮೇಲೆಯೇ ಮಕ್ಕಳು ಮರಳುತ್ತಾರೆ. ಮೀಮಾಂಸಕನ ಕಣ್ಣಿಗೆ ಅಧಿಕಾರವಿಲ್ಲದ ಪ್ರಾಣಿಯನ್ನು ಹೆಂಗಸರ ವ್ರತಕಥೆಯು ಅನ್ಯಾಯಕ್ಕೊಳಗಾಗಬಲ್ಲ ಜೀವವೆಂದು ಕಾಣುತ್ತದೆ. ಇವೆರಡರಲ್ಲಿ ವ್ರತಕಥೆಯ ನೋಟವೇ ಸೂಕ್ಷ್ಮತರವಾದುದು.

ಬೆಕ್ಕಿಗೆ ದರ್ಶನದ ಮಟ್ಟದಲ್ಲಿ ಗೌರವ ದೊರೆತದ್ದು ಶ್ರೀವೈಷ್ಣವರಲ್ಲಿ. ಜೀವನು ತನ್ನ ಪ್ರಯತ್ನದಿಂದ ದೇವರನ್ನು ಹಿಡಿಯಬೇಕೋ ಅಥವಾ ದೇವರೇ ಅವನನ್ನು ಎತ್ತಿಕೊಳ್ಳುವನೋ ಎಂಬ ವಿವಾದದಲ್ಲಿ, ತಾಯಿಯನ್ನು ಅವಚಿಕೊಳ್ಳುವ ಕೋತಿಮರಿಯ ಮರ್ಕಟನ್ಯಾಯವು ವೇದಾಂತದೇಶಿಕರನ್ನು ಅನುಸರಿಸುವ ವಡಗಲೆಯವರದ್ದೆಂದೂ, ತಾಯಿ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯ ಮಾರ್ಜಾರನ್ಯಾಯವು ಪಿಳ್ಳೈ ಲೋಕಾಚಾರ್ಯರನ್ನು ಅನುಸರಿಸುವ ತೆಂಗಲೆಯವರದ್ದೆಂದೂ ಪ್ರಸಿದ್ಧಿಯಿದೆ. ದೃಷ್ಟಾಂತದಲ್ಲಿ ಮರಿಯ ಅಸಹಾಯಕತೆ ಬಂತು, ತಾಯಿಯ ಕರುಣೆ ಬಂತು. ತಾಯಿ ಮರಿಗಳನ್ನು ಎತ್ತಿಕೊಂಡು ಹೊರಡುವುದೇಕೆ ಎಂಬುದು ಮಾತ್ರ ಬರಲಿಲ್ಲ. ಇದ್ದ ಜಾಗದಲ್ಲಿ ಕದಲಿಕೆಯಾದಾಗ ಅದು ಹೊರಡುತ್ತದೆ. ಅಟ್ಟದ ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿದು, ಬೀದಿಯಲ್ಲಿ ಪಟಾಕಿ ಸಿಡಿಸುವ ದೀಪಾವಳಿಯೇ ಅಂಥ ಕದಲಿಕೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ನಾದವನ್ನು ಗ್ರಹಿಸಿದರೆ ಬೆಕ್ಕಿನದು 60ನ್ನೂ ಮೀರುತ್ತದೆ. ಪಟಾಕಿಯನ್ನು ಹಬ್ಬದ ರಾತ್ರಿ 8ರಿಂದ 10ರ ನಡುವಿಗೆ ಸೀಮಿತಗೊಳಿಸಿದ ಸುಪ್ರೀಂ ಕೋರ್ಟಿನ 2018ರ ಆದೇಶ ಹೊರಟದ್ದು ಮುಖ್ಯವಾಗಿ ಮನುಷ್ಯರ ಉಸಿರಾಟದ ಚಿಂತೆಯಿಂದ. ಬೆಕ್ಕಿಗೆ ದೊರೆತದ್ದು ಅದರ ಪಕ್ಕಫಲ.

ಆ ಎರಡು ಗಂಟೆಗಳ ಕಾಲ ಕಿಟಕಿ ಮುಚ್ಚಿದ ಒಳಕೋಣೆಯೊಂದನ್ನು ಬೆಕ್ಕಿಗೆ ಬಿಟ್ಟುಕೊಡುವುದು, ಮರಿಗಳಿರುವ ಅಟ್ಟದ ಮೂಲೆಯನ್ನು ಆ ವರ್ಷ ಗುಡಿಸದೆ ಉಳಿಸುವುದು ಭೂತಯಜ್ಞದ ವ್ಯಾಪ್ತಿಗೇ ಸೇರುತ್ತವೆಂದು ವಾದಿಸಲು ಶಾಸ್ತ್ರದಲ್ಲಿ ಅಡ್ಡಿ ಕಾಣುವುದಿಲ್ಲ. ಬಟ್ಟಲಲ್ಲಿ ಹಾಲಿಡುವ ರೂಢಿಯನ್ನು ಮಾತ್ರ ಕೈಬಿಡಬೇಕಾಗುತ್ತದೆ, ಏಕೆಂದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸರಿಯಾಗಿ ಅರಗುವುದಿಲ್ಲ. ಅದರ ಬದಲು ಮಾಂಸಾಹಾರಿ ಪ್ರಾಣಿಗೆ ನಿಜವಾಗಿ ಒಗ್ಗುವ ಒಂದು ತುಂಡು ಮೀನನ್ನು ಮಡಿಯ ಅಡುಗೆಮನೆ ಇರುವ ಮನೆಯೊಳಗೆ ಯಾವ ಬಾಗಿಲಿನಿಂದ ತರುವುದೆಂಬುದನ್ನು ಇನ್ನು ಮುಂದಿನ ವ್ಯಾಖ್ಯಾನಕಾರರೇ ನಿರ್ಣಯಿಸಬೇಕು.